ಅತ್ತೆ ಜಗಳೂರಿಗೆ ಒಯ್ದ ಗಾಜು

ಮೈಕ್ರೋಸ್ಕೋಪ್ ನ್ಯಾಮತಿಯ ನಮ್ಮ ಮನೆಗೆ ಬಂದದ್ದು ಗೂಡ್ಸ್ ಆಟೋದಲ್ಲಿ, ಎರಡು ಹಳೆಯ ಕಂಬಳಿ ಸುತ್ತಿಕೊಂಡು. ಅದರ ಪಕ್ಕ ಹಗ್ಗ ಬಿಗಿದು ಒಂದು ಮರದ ಪೆಟ್ಟಿಗೆ ಇಟ್ಟಿದ್ದರು. ಪೆಟ್ಟಿಗೆಯೊಳಗೆ ಹನ್ನೊಂದು ಗಾಜಿನ ಪ್ಲೇಟು. ವಿಶ್ವವಿದ್ಯಾಲಯದಲ್ಲಿ ನಮ್ಮ ಪ್ರಯೋಗಾಲಯದ ಚಾವಣಿ ಸೋರುತ್ತಿತ್ತು. ಅದನ್ನು ಒಡೆದು ಹೊಸದಾಗಿ ಹಾಕುವವರೆಗೆ ಅಲ್ಲಿ ಕೂತು ಕೆಲಸ ಮಾಡುವಂತಿರಲಿಲ್ಲ. "ಧೂಳು ಲೆನ್ಸಿಗೆ ಕೂತರೆ ಮುಗೀತು. ಮನೆಗೆ ಒಯ್ದು ಮುಗಿಸಮ್ಮ" ಎಂದಿದ್ದರು ನನ್ನ ಗೈಡ್. ನಾನು ಆಗ ಹೊನ್ನಾಳಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಪಿಎಚ್.ಡಿ. ಮುಗಿಯದಿದ್ದರೆ ಆ ಕೆಲಸವೂ ಉಳಿಯುವ ಭರವಸೆ ಇರಲಿಲ್ಲ. ಆಗ ನನಗೆ ಮೂರು ತಿಂಗಳು.

ಅದರ ಹಿಂದಿನ ವರ್ಷ ಒಂದು ಹೋಗಿತ್ತು. ಹತ್ತನೆಯ ವಾರದಲ್ಲಿ, ಯಾವ ಕಾರಣವೂ ತಿಳಿಯದೆ. ಡಾಕ್ಟರು ಹೀಗಾಗುವುದು ಅಪರೂಪವೇನಲ್ಲ ಎಂದು ಹೇಳಿ ಕಳಿಸಿದ್ದರು. ಮನೆಯಲ್ಲಿ ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಮಾತಾಡದೆ ಇದ್ದದ್ದಕ್ಕೆ ಎಲ್ಲರೂ ಮರೆತಿದ್ದಾರೆ ಎಂದೇ ನಾನು ಅಂದುಕೊಂಡಿದ್ದೆ.

ಆಟೋದವನು ಪೆಟ್ಟಿಗೆ ಎತ್ತಿಕೊಂಡು ಹೊಸಿಲಿಗೆ ಬಂದಾಗ ಅತ್ತೆ ಅಡ್ಡ ನಿಂತರು.

"ಒಳಗೆ ತರಬ್ಯಾಡ್ರಿ. ಅಲ್ಲೇ ಇಡ್ರಿ."

"ಯಾಕ್ರೀ ಅತ್ತೆ?" ಎಂದೆ.

"ಆ ಗುರುತು ನೋಡು. ನನ್ನ ಕೈ ಮುರಿದಾಗ ಆಸ್ಪತ್ರೆಗೆ ಹೋಗಿದ್ವಲ್ಲ, ಎಕ್ಸ್‌ರೇ ರೂಮಿನ ಬಾಗಿಲ ಮ್ಯಾಲೆ ಇದೇ ಇತ್ತು. ಕೆಳಗೆ ಏನು ಬರೆದಿದ್ರು ಗೊತ್ತಾ? ಗರ್ಭಿಣಿಯರು ಒಳಗೆ ಬರಬಾರದು ಅಂತ."

ಪೆಟ್ಟಿಗೆಯ ಮುಚ್ಚಳದ ಮೇಲೆ ಹಳದಿ ಚೀಟಿ ಇತ್ತು. ಅದರಲ್ಲಿ ಮೂರು ಕಪ್ಪು ಎಸಳು, ವಿಕಿರಣದ ಎಚ್ಚರಿಕೆಯ ಗುರುತು. ಬಹಳ ವರ್ಷಗಳ ಹಿಂದೆ ಪ್ಲೇಟುಗಳು ವಿದೇಶದಿಂದ ಬರುವಾಗ ಅಲ್ಲಿನವರು ಯಾವುದೋ ಪೆಟ್ಟಿಗೆಯನ್ನು ಮರುಬಳಸಿದ್ದರು, ಅಷ್ಟೆ. ನಾನು ನಕ್ಕು, ಉಗುರಿನಿಂದ ಆ ಚೀಟಿಯನ್ನು ಕೆರೆಯಲು ಹೋದೆ. ಒಂದು ಎಸಳು ಕಿತ್ತು ಬಂತು, ಎರಡು ಉಳಿದವು. ಹಾಗೆ ಮಾಡಿದ್ದು ತಪ್ಪಾಯಿತು.

"ಚೀಟಿ ಕಿತ್ರೆ ಒಳಗಿರೋದು ಹೋಗುತ್ತಾ?" ಎಂದರು ಅತ್ತೆ.

ಅವರು ನಾಲ್ಕನೆಯ ತರಗತಿಯವರೆಗೆ ಓದಿದವರು. ಗಂಡ ಹೋದ ಮೇಲೆ ಹೊಲಿಗೆ ಹಾಕಿ ಒಬ್ಬನೇ ಮಗನನ್ನು ಓದಿಸಿದ್ದರು. ಆ ಮಗ, ನನ್ನ ಗಂಡ, ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಅವರು ಸಂಜೆ ಬಂದು ಪೆಟ್ಟಿಗೆಯನ್ನು ಹೊರಕೋಣೆಗೆ ತಂದಿಟ್ಟರು. ಅತ್ತೆ ನನ್ನ ಹಾಸಿಗೆಯನ್ನು ಹೊರಕೋಣೆಯ ಕಡೆಯ ಗೋಡೆಯಿಂದ ಎಳೆದು ಆಚೆ ಗೋಡೆಗೆ ಹಾಕಿದರು.

ಅವರು ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಪಕ್ಕದಲ್ಲಿ ಕೂತು ಎಲ್ಲವನ್ನೂ ವಿವರಿಸಿದೆ. ಪ್ರತಿಯೊಂದು ಪರಮಾಣುವಿನ ನಡುವೆ ಬೀಜದಂಥದ್ದೊಂದು ಇರುತ್ತದೆ. ವಿದೇಶದ ದೊಡ್ಡ ಯಂತ್ರದಲ್ಲಿ ಗಂಧಕದ ಬೀಜಗಳನ್ನು ಬೆಳಕಿನ ಹತ್ತಿರ ಹತ್ತಿರದ ವೇಗದಲ್ಲಿ ಓಡಿಸಿ ಈ ಪ್ಲೇಟುಗಳೊಳಗೆ ಹಾಯಿಸಿದರು. ಗಾಜಿನ ಮೇಲೆ ಹಳೆಯ ಕಾಲದ ಫೋಟೋ ರೀಲಿಗೆ ಹಚ್ಚುವಂಥ ಲೇಪ, ಆದರೆ ಬಹಳ ದಪ್ಪ. ಓಡಿಬಂದ ಬೀಜ ಆ ಲೇಪದೊಳಗಿನ ಬೆಳ್ಳಿಯ ಬೀಜಕ್ಕೆ ಬಡಿದರೆ ಎರಡೂ ಒಡೆಯುತ್ತವೆ. ಚೂರುಗಳು ಓಡಿದ ದಾರಿಯಲ್ಲಿ ಕಪ್ಪು ಚುಕ್ಕೆಗಳ ಸಾಲು ಉಳಿಯುತ್ತದೆ. ನಾನು ಅವನ್ನು ಎಣಿಸುತ್ತೇನೆ.

"ಹಂಗಾದ್ರೆ ಆ ಚೂರು ಎಲ್ಲಿಗೆ ಹೋದ್ವು?"

"ಅವತ್ತೇ ಹೋದ್ವು ಅತ್ತೆ. ಇಪ್ಪತ್ತು ವರ್ಷದ ಮ್ಯಾಲಾಯ್ತು. ಈಗ ಇರೋದು ಬರೀ ಹೆಜ್ಜೆಗುರುತು."

"ಎಲ್ಲಾ ಹೋದ್ವು ಅಂತ ನೋಡಿದೋರು ಯಾರು?"

ಉತ್ತರ ಗೊತ್ತಿತ್ತು, ಆದರೆ ರೊಟ್ಟಿ ಬಡಿಯುವವರಿಗೆ ಹೇಳುವ ಉತ್ತರವಾಗಿರಲಿಲ್ಲ ಅದು.

ಕಾಲೇಜಿನಿಂದ ಬಂದು ಊಟ ಮಾಡಿ ಮಧ್ಯಾಹ್ನ ಮೂರರಿಂದ ಕತ್ತಲಾಗುವವರೆಗೆ ಕೂರುತ್ತಿದ್ದೆ. ಲೆನ್ಸಿಗೂ ಪ್ಲೇಟಿಗೂ ನಡುವೆ ಒಂದು ಹನಿ ಎಣ್ಣೆ ಬಿಟ್ಟು, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಲೇಪದ ಆಳಕ್ಕೆ ಇಳಿಯಬೇಕು. ಗಂಧಕದ ಬೀಜ ಹೋದ ದಾರಿ ದಪ್ಪ ಗೆರೆ. ಅದರ ಹಿಂದೆಯೇ ಹೋಗುತ್ತಿದ್ದರೆ ಒಂದು ಕಡೆ ಗೆರೆ ಥಟ್ಟನೆ ನಿಲ್ಲುತ್ತದೆ. ಅಲ್ಲಿಂದ ಚೂರುಗಳ ಗೆರೆಗಳು ಚಾಚಿಕೊಂಡಿರುತ್ತವೆ; ನಾವು ಅದನ್ನು ನಕ್ಷತ್ರ ಎನ್ನುತ್ತೇವೆ. ಸವರಿಕೊಂಡು ಹೋದ ಡಿಕ್ಕಿಯಾದರೆ ಮೂರೋ ನಾಲ್ಕೋ ಚೂರುಗಳು ಒಂದರ ಪಕ್ಕ ಒಂದು, ಬಂದ ದಿಕ್ಕಿನಲ್ಲೇ ಮುಂದೆ ಹೋಗಿರುತ್ತವೆ. ನೇರ ಡಿಕ್ಕಿಯಾದರೆ ಗಂಧಕದ್ದು ಏನೂ ಉಳಿದಿರುವುದಿಲ್ಲ. ಸುತ್ತ ಗಿಡ್ಡ ಕಪ್ಪು ಗೆರೆಗಳು, ಮುಂದಕ್ಕೆ ಎಣಿಸಿ ಎಣಿಸಿ ಕಣ್ಣು ಸೋಲುವಷ್ಟು ತೆಳು ಎಳೆಗಳು. ಯಾವ ಚೂರು ಎಷ್ಟು ದೊಡ್ಡದು, ಎಷ್ಟು ಕೋನದಲ್ಲಿ ಹೋಯಿತು ಎಂದು ಬರೆದುಕೊಳ್ಳುವುದು ನನ್ನ ಕೆಲಸ.

ಇವುಗಳ ನಡುವೆ ಇನ್ನೊಂದು ಬಗೆಯ ಪುಟ್ಟ ನಕ್ಷತ್ರಗಳೂ ಇರುತ್ತವೆ. ನಾಲ್ಕೈದು ಮೊಂಡು ಕಾಲಿನವು. ಅವು ಡಿಕ್ಕಿಯಿಂದ ಆದವಲ್ಲ. ಲೇಪದಲ್ಲಿಯೇ ಎಲ್ಲೋ ಕಣದಷ್ಟು ಥೋರಿಯಂ ಎಂಬ ವಿಕಿರಣಶೀಲ ಧಾತು ಸೇರಿಕೊಂಡಿರುತ್ತದೆ, ಮಣ್ಣಿನಲ್ಲಿ, ಗೋಡೆಯಲ್ಲಿ ಇರುವ ಹಾಗೆ. ಅದು ತಾನಾಗಿಯೇ ಒಡೆದಾಗ ಬಿಟ್ಟ ಗುರುತು. ಮೊದಲೆಲ್ಲ ಅವನ್ನು ದಾಟಿ ಮುಂದೆ ಹೋಗುತ್ತಿದ್ದೆ. ಆ ಚೀಟಿಯ ಪ್ರಸಂಗವಾದ ಮೇಲೆ ಅವು ಕಂಡಾಗಲೆಲ್ಲ ಕಣ್ಣು ತಡೆಯುತ್ತಿತ್ತು.

ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಮೂರು ಗಂಟೆ ಕೂತು ಎದ್ದು ಬಚ್ಚಲಿಗೆ ಹೋದಾಗ ರಕ್ತ ಕಂಡಿತು. ರೂಪಾಯಿ ನಾಣ್ಯದಷ್ಟು. ನಾನು ಕೂಗಲಿಲ್ಲ. ಬಚ್ಚಲ ಗೋಡೆ ಹಿಡಿದು ನಿಂತೆ. ಹೊರಗೆ ಬಂದಾಗ ನನ್ನ ಮುಖ ನೋಡಿ ಅತ್ತೆ ಕೇಳಲೂ ಇಲ್ಲ. ಚಪ್ಪಲಿ ಹಾಕಿಕೊಂಡು ಆಟೋ ಕರೆಯಲು ಓಡಿದರು.

ಹೊನ್ನಾಳಿಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ಮಾಡಿ, "ಎದೆಬಡಿತ ಚೆನ್ನಾಗಿದೆ. ಹದಿನೈದು ದಿನ ಮಲಗಿರಿ" ಎಂದರು. ಅವರು ಕೈ ಒರೆಸಿಕೊಳ್ಳುತ್ತಿದ್ದಾಗ ಅತ್ತೆ ಪೆಟ್ಟಿಗೆಯ ವಿಷಯ ಎತ್ತಿದರು. ನಾನು ಸಾಧ್ಯವಾದಷ್ಟು ಚಿಕ್ಕದಾಗಿ ವಿವರಿಸಿದೆ.

"ನನಗೆ ಆ ವಿಜ್ಞಾನ ಗೊತ್ತಿಲ್ಲಮ್ಮ. ನೀವು ಹೇಳೋದು ಸರಿ ಇರಬಹುದು. ಆದ್ರೂ ಬಿಡೋಕೆ ಆಗುತ್ತೆ ಅಂದ್ರೆ ಬಿಟ್ಟುಬಿಡಿ, ಸುಮ್ನೆ ಯಾಕೆ?" ಎಂದರು ಡಾಕ್ಟರಮ್ಮ.

ಅವರು ತಪ್ಪೇನೂ ಹೇಳಲಿಲ್ಲ. ಆದರೆ ಆ 'ಸುಮ್ನೆ ಯಾಕೆ' ನನ್ನ ಜೊತೆ ಆಟೋದಲ್ಲಿ ನ್ಯಾಮತಿಗೆ ಬಂತು. ಅಲ್ಲಿಯವರೆಗೆ ಹೆದರಿಕೆ ಅತ್ತೆಯದಾಗಿತ್ತು, ಅಂದಿನಿಂದ ನನ್ನದೂ ಆಯಿತು. ಮಲಗಿದಲ್ಲಿಂದ ಹೊರಕೋಣೆಯ ಬಾಗಿಲು ಕಾಣುತ್ತಿತ್ತು. ಪ್ಲೇಟುಗಳಿಗೆ ಕಿರಣ ಹಾಯಿಸಿದಾಗ ಲೇಪದಲ್ಲಿದ್ದ ಕೆಲವು ಬೀಜಗಳು ಅರೆಬರೆ ಒಡೆದು ಅಸ್ಥಿರವಾಗಿ ಉಳಿದಿರಬಹುದಲ್ಲವೇ? ಅವು ಗಂಟೆ, ದಿನಗಳಲ್ಲಿ ಶಾಂತವಾಗುತ್ತವೆ ಎಂದು ತರಗತಿಯಲ್ಲಿ ನಾನೇ ಪಾಠ ಮಾಡಿದ್ದೆ. ಹಾಗಿದ್ದರೂ ಹೋದ ವರ್ಷ ಆ ಹತ್ತನೆಯ ವಾರದಲ್ಲಿ ನಾನು ಎಲ್ಲಿ ಕೂತಿದ್ದೆ ಎಂದು ಲೆಕ್ಕ ಹಾಕತೊಡಗಿದೆ. ವಿಶ್ವವಿದ್ಯಾಲಯದಲ್ಲಿ, ಇದೇ ಪ್ಲೇಟುಗಳ ಮುಂದೆಯೇ ಕೂತಿದ್ದೆ. ಹೊಟ್ಟೆ ಮೇಜಿನ ಅಂಚಿಗೆ ತಾಗುವಷ್ಟು ಹತ್ತಿರ.

ನನ್ನ ಗಂಡ ಮೊದಮೊದಲು ಅಮ್ಮನನ್ನು ಛೇಡಿಸುತ್ತಿದ್ದರು. ಈಗ ಮೊಬೈಲಿನಲ್ಲಿ ಏನೇನೋ ಓದಿ ಛೇಡಿಸುವುದನ್ನು ಬಿಟ್ಟರು. ಒಂದು ದಿನ ನನ್ನ ಕಾಲಬಳಿ ಕೂತು, "ಹೆರಿಗೆ ಆಗೋವರೆಗೂ ಬಿಟ್ರೆ ಏನಾಗುತ್ತೆ?" ಎಂದರು.

"ನೋಂದಣಿ ಅವಧಿ ಮುಗಿಯುತ್ತೆ. ಐದು ವರ್ಷದ ಕೆಲಸ ಹೋಗುತ್ತೆ."

"ಸರಿ" ಎಂದು ಎದ್ದು ಹೋದರು. ಆ 'ಸರಿ'ಗೆ ಏನರ್ಥ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಹದಿನೈದು ದಿನ ಕಳೆದು ಕಾಲೇಜಿಗೆ ಹೊರಟಾಗ ಬ್ಯಾಗಿನಲ್ಲಿ ಒಂದು ಪ್ಲೇಟು ಇಟ್ಟುಕೊಂಡೆ. ನಮ್ಮ ಬಿ.ಎಸ್ಸಿ. ಲ್ಯಾಬಿನಲ್ಲಿ ವಿಕಿರಣ ಅಳೆಯುವ ಗೈಗರ್ ಕೌಂಟರ್ ಇತ್ತು. ಬಸ್ಸಿನಲ್ಲಿ ಒಬ್ಬಳನ್ನೇ ಬಿಡಲು ಒಪ್ಪದೆ ಅತ್ತೆಯೂ ಬಂದರು. ಮಕ್ಕಳೆಲ್ಲ ಹೋದ ಮೇಲೆ ಯಂತ್ರ ಹಾಕಿದೆ. ಮೊದಲು ಪ್ಲೇಟಿಲ್ಲದೆ ಹತ್ತು ನಿಮಿಷ. ಟಿಕ್, ಟಿಕ್ ಟಿಕ್, ಟಿಕ್.

ಅತ್ತೆ ಬೆಂಚಿನಿಂದ ಎದ್ದರು. "ಏನೂ ಇಟ್ಟಿಲ್ಲ ನೀನು. ಆದ್ರೂ ಯಾಕೆ ಹೊಡ್ಕೊಳ್ತೈತೆ?"

"ಇದು ಎಲ್ಲಾ ಕಡೆ ಇರುತ್ತೆ ಅತ್ತೆ. ನೆಲದಿಂದ ಬರುತ್ತೆ, ಆಕಾಶದಿಂದ ಬರುತ್ತೆ. ಮ್ಯಾಲೆ ಗಾಳಿಯೊಳಗೆ ಹಗಲೂ ರಾತ್ರಿ ಬೀಜಗಳು ಬಡಿದು ಒಡೀತಾನೇ ಇರ್ತಾವೆ. ಆ ಚೂರು ನಮ್ಮ ಮೈಯಾಗೆ ಹಾಯ್ದು ಹೋಗ್ತಾವೆ."

"ನಿನ್ನ ಮೈಯಾಗೂ?"

"ಎಲ್ಲರ ಮೈಯಾಗೂ. ಹುಟ್ಟಿದಾಗಿನಿಂದ."

ಧೈರ್ಯ ಹೇಳಲು ಆಡಿದ ಮಾತು ಅದು. ಅತ್ತೆ ಸೆರಗು ಎಳೆದುಕೊಂಡು ಲ್ಯಾಬಿನ ಚಾವಣಿಯನ್ನೇ ನೋಡುತ್ತಾ ಕೂತರು.

ಆಮೇಲೆ ಪ್ಲೇಟು ಇಟ್ಟು ಹತ್ತು ನಿಮಿಷ ಎಣಿಸಿದೆ. ಮೊದಲಿಗಿಂತ ಒಂಬತ್ತು ಹೆಚ್ಚು ಬಂತು. ಇಷ್ಟು ಏರುಪೇರು ಸಹಜ. ಪ್ರತಿ ವರ್ಷ ವಿದ್ಯಾರ್ಥಿಗಳು ಗಾಬರಿಯಾದಾಗ ಅದನ್ನೇ ಹೇಳಿ ಸಮಾಧಾನ ಮಾಡುತ್ತಿದ್ದವಳು ನಾನು. ಆದರೆ ಆ ಒಂಬತ್ತಿಗೆ ಅಂದು ನಾನೇ ಗಾಬರಿಯಾದೆ. ಪ್ಲೇಟು ತೆಗೆದು ಮತ್ತೆ ಎಣಿಸಿದೆ. ಇಟ್ಟು ಎಣಿಸಿದೆ. ಈ ಸಲ ಪ್ಲೇಟಿದ್ದಾಗಲೇ ಕಡಿಮೆ ಬಂತು. ಆರು ಸಲ ಎಣಿಸಿದ ಮೇಲೆ ವ್ಯತ್ಯಾಸವೇ ಇಲ್ಲವೆಂದಾಯಿತು. ಕಾಗದದ ಮೇಲೆ ನನಗೆ ಉತ್ತರ ಸಿಕ್ಕಿತ್ತು. ಕೈ ಮಾತ್ರ ಹೊಟ್ಟೆಯ ಮೇಲಿಂದ ಇಳಿಯಲೇ ಇಲ್ಲ.

ಮರುದಿನದಿಂದ ನನಗೆ ಮಾಳಿಗೆಗೆ ಹೋಗುವುದು ನಿಂತಿತು. ಬಟ್ಟೆ ಒಣಹಾಕುವುದು, ಶೇಂಗಾ ಹರಡುವುದು, ಹಪ್ಪಳ ತಿರುವಿ ಹಾಕುವುದು ಎಲ್ಲ ಅತ್ತೆಯೇ. "ಆಕಾಶದಿಂದ ಬೀಳ್ತಾವೆ ಅಂತ ನೀನೇ ಹೇಳಿದ್ದಲ್ಲ" ಎನ್ನುತ್ತಿದ್ದರು. ಚಾವಣಿ ಅದನ್ನು ತಡೆಯುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹೇಗೋ ಮತ್ತೆ ಮೇಜಿಗೆ ಕೂತು ಮೂರು ಪ್ಲೇಟು ನೋಡಿದೆ, ಇನ್ನೆರಡು ಬಾಕಿ ಇದ್ದವು. ಆದರೆ ಈಗ ಕೂತ ಹತ್ತು ನಿಮಿಷಕ್ಕೇ ಎದ್ದುಬಿಡುತ್ತಿದ್ದೆ. ಕೊನೆಗೆ ಗೈಡಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು, "ಜಗಳೂರಿನಲ್ಲಿ ಆಪಾ ಇದ್ದಾರೆ. ಅವರ ಹತ್ತಿರ ಕಳಿಸು" ಎಂದರು.

ಅಕ್ಕ ಎಂಬ ಅರ್ಥದಲ್ಲಿ ಎಲ್ಲರೂ ಆಪಾ ಎಂದೇ ಕರೆಯುತ್ತಿದ್ದ ಅವರು ನಮ್ಮ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಪ್ಲೇಟು ನೋಡಿದವರು. ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿ, ಎಷ್ಟೋ ಜನರ ಪಿಎಚ್.ಡಿ.ಗೆ ನಕ್ಷತ್ರ ಹುಡುಕಿಕೊಟ್ಟಿದ್ದರು. ನಿವೃತ್ತಿಯಾಗುವಾಗ ಪ್ರಯೋಗಾಲಯದವರು ಹರಾಜಿಗಿಟ್ಟ ಹಳೆಯ ಮೈಕ್ರೋಸ್ಕೋಪನ್ನು ಕೊಂಡು ಊರಿಗೆ ಒಯ್ದಿದ್ದರು. ನಾನು ಅವರನ್ನು ನೋಡಿದ್ದು ಒಂದೇ ಸಲ.

ಒಯ್ಯುವವರು ಯಾರು? ನನಗೆ ಪ್ರಯಾಣ ಬೇಡವೆಂದಿದ್ದರು. ನನ್ನ ಗಂಡನಿಗೆ ಊರೂರು ತಿರುಗಿ ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕುವ ಕೆಲಸ, ರಜೆ ಇಲ್ಲ. ಕೊರಿಯರಿನವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಊಟಕ್ಕೆ ಕೂತಾಗ ಇದೇ ಮಾತು ನಡೆದಿತ್ತು. ಬಡಿಸುತ್ತಿದ್ದ ಅತ್ತೆ ಸೌಟು ಇಟ್ಟು, "ನಾನು ಒಯ್ತೀನಿ" ಎಂದರು.

ನಾವಿಬ್ಬರೂ ತಲೆ ಎತ್ತಿ ನೋಡಿದೆವು.

"ಏನು ಹಂಗೆ ನೋಡ್ತೀರಿ? ಆಧಾರ್ ಕಾರ್ಡ್ ತೋರಿಸಿದ್ರೆ ಬಸ್ಸು ಪುಕ್ಕಟೆ. ಇವು ಮನೆಯಿಂದ ಹೋಗ್ಬೇಕು, ನಿನ್ನ ಓದೂ ಹಾಳಾಗ್ಬಾರ್ದು. ನಾನಲ್ದೆ ಇನ್ಯಾರು ಒಯ್ತಾರೆ?"

ತಮ್ಮ ಹಳೆಯ ಕಾಟನ್ ಸೀರೆಯಲ್ಲಿ ಎರಡೂ ಪ್ಲೇಟುಗಳನ್ನು ಸುತ್ತಿ, ಸ್ಟೀಲಿನ ಅಗಲ ಡಬ್ಬಿಯಲ್ಲಿಟ್ಟು, ಅದನ್ನು ಗೋಣಿತಾಟಿನಲ್ಲಿ ಮಡಚಿ ಕಟ್ಟಿದರು. ಕಟ್ಟುವಾಗ ಅವರ ಬೆರಳು ಗಾಜಿಗೆ ತಾಗಿತು. ಬೆಂಕಿ ಮುಟ್ಟಿದಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಮತ್ತೆ ಹಿಡಿದರು.

ಬೆಳಿಗ್ಗೆ ಏಳಕ್ಕೆ ಹೊರಟರು. ಹೊನ್ನಾಳಿಗೆ ಒಂದು ಬಸ್ಸು, ಅಲ್ಲಿಂದ ದಾವಣಗೆರೆಗೆ ಒಂದು, ಅಲ್ಲಿಂದ ಜಗಳೂರಿಗೆ ಇನ್ನೊಂದು. ನಾನು ಫೋನು ಹಿಡಿದು ಕೂತೆ. ಗಾಜು ಒಡೆದರೆ ನನ್ನ ಪ್ರಬಂಧದ ಎರಡು ಅಧ್ಯಾಯ ಹೋದಂತೆ. ಆದರೆ ಅಂದು ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ. ತಾವು ವಿಷ ಎಂದು ನಂಬಿದ್ದನ್ನು ಆ ಹೆಂಗಸು ತೊಡೆಯ ಮೇಲಿಟ್ಟುಕೊಂಡು ನೂರಾರು ಜನರ ನಡುವೆ ಕೂತಿದ್ದರು. ದಾವಣಗೆರೆಯಿಂದ ಒಮ್ಮೆ ಫೋನು ಬಂತು. "ಕಂಡಕ್ಟರು ಸೀಟಿನ ಕೆಳಗಿಡು ಅಂದ. ಇಡಲ್ಲ ಅಂದೆ. ನೀನು ಊಟ ಮಾಡ್ದ್ಯಾ?" ಮತ್ತೆ ಎರಡೂವರೆ ಗಂಟೆ ಫೋನಿಲ್ಲ. ಮಾಡಿದರೆ ಸ್ವಿಚ್ ಆಫ್. ಆ ಎರಡೂವರೆ ಗಂಟೆಯಲ್ಲಿ ಬಸ್ಸು ಎಷ್ಟು ಸಲ ಮಗುಚಿತೋ ನನ್ನ ಕಣ್ಣೆದುರು.

ಸಂಜೆ ಬಂದರು. ಬರಿಗೈ. "ಕೊಟ್ಟೆ. ಒಂದೂ ಒಡೆದಿಲ್ಲ. ಅವರು ನನಗೂ ತೋರಿಸಿದ್ರು. ಜಾಲಿಮುಳ್ಳು ಚೆಲ್ಲಿದಂಗೆ ಕಾಣ್ತೈತೆ" ಎಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹೋಗಿ ಮಲಗಿದರು.

ಉಳಿದದ್ದನ್ನು ವಾರದ ನಂತರ ಫೋನಿನಲ್ಲಿ ಹೇಳಿದವರು ಆಪಾ.

"ನಿಮ್ಮ ಅತ್ತೆ ಬಂದೋರೆ ಕೈ ತೊಳೆಯಾಕೆ ನೀರು ಕೇಳಿದ್ರು ಬೇಟಿ. ಮೊಣಕೈವರೆಗೆ ಮೂರು ಸಲ ತೊಳೆದ್ರು. ಆಮೇಲೆ ನನ್ನ ನೇರಕ್ಕೆ ಕೇಳಿದ್ರು, ಈ ಕೆಲಸ ಮಾಡ್ತಾ ನಿಮಗೆ ಮಕ್ಕಳಾದ್ವಾ ಅಂತ. ಮೂರು ಉಳಿದ್ವು, ಎರಡು ಹೋದ್ವು ಅಂದೆ. ಸುಳ್ಳು ಯಾಕೆ ಹೇಳ್ಲಿ? ನನ್ನ ತಂಗಿ ಪ್ಲೇಟು ಅಂದ್ರೆ ಏನು ಅಂತಾನೇ ಕಂಡೋಳಲ್ಲ, ಅವಳಿಗೂ ಎರಡು ಹೋದ್ವು ಅಂತಾನೂ ಹೇಳ್ದೆ."

"ಅದಕ್ಕೆ ಅತ್ತೆ ಏನಂದ್ರು?"

"ಸೆರಗಿನಿಂದ ಕೈ ಒರೆಸ್ಕೊಂಡ್ರು. ಆಮೇಲೆ ಹೇಳಿದ್ರು, ಅಕ್ಕ, ನಂದೂ ಎರಡು ಹೋಗ್ಯಾವೆ ಅಂತ. ನಿಮ್ಮ ಮನೆಯವರಿಗಿಂತ ಮೊದ್ಲು. ಗ್ರಹಣದಾಗ ಹೊರಗೆ ಹೋಗಿದ್ಲು, ಅದಕ್ಕೇ ಹೋದ್ವು ಅಂತ ಅವರ ಅತ್ತೆ ಊರಿಗೆಲ್ಲ ಸಾರಿದ್ರಂತೆ. ಗ್ರಹಣ ಕಳೆದು ಎರಡು ತಿಂಗಳಾಗಿತ್ತಂತೆ."

ನಾನು ಫೋನು ಹಿಡಿದುಕೊಂಡು ಅಡುಗೆಮನೆಯ ಕಡೆ ನೋಡಿದೆ. ಅತ್ತೆ ಬೆನ್ನು ತಿರುಗಿಸಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು.

"ನಾನು ಕೇಳ್ದೆ, ಹಂಗಾದ್ರೆ ಈ ಪೆಟ್ಟಿಗೆ ಮ್ಯಾಲೆ ಯಾಕೆ ಇಷ್ಟು ಅನುಮಾನ ಅಂತ. ಹೆದರಿಕೆನೂ ಐತೆ ಅಕ್ಕ, ಸುಳ್ಳಲ್ಲ ಅಂದ್ರು. ಆದ್ರೆ ನಾಳೆ ಏನಾದ್ರೂ ಆದ್ರೆ ಜನ ಪೆಟ್ಟಿಗೆ ಮ್ಯಾಲೆ ಹಾಕ್ಲಿ, ಆ ಹುಡುಗಿ ಮ್ಯಾಲೆ ಹಾಕೋದು ಬ್ಯಾಡ ಅಂದ್ರು."

ನನಗೆ ತಿಳಿದಿದೆ ಎಂದು ಅತ್ತೆಗೆ ನಾನು ಯಾವತ್ತೂ ತೋರಿಸಿಕೊಳ್ಳಲಿಲ್ಲ. ಅಂದು ಅವರು ಬಡಿಸಿದ್ದನ್ನೆಲ್ಲ ಉಂಡೆ. ಅಷ್ಟೇ ನನ್ನಿಂದಾದದ್ದು.

ಹೆದರಿಕೆ ಅಲ್ಲಿಗೆ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಉಳಿದ ಒಂಬತ್ತು ಪ್ಲೇಟುಗಳನ್ನೂ ಗೈಡಿಗೆ ವಾಪಸ್ ಕಳಿಸಿದ ಮೇಲೆ ಹೆದರುವುದಕ್ಕೆ ಒಂದು ನಿರ್ದಿಷ್ಟ ಜಾಗ ಇಲ್ಲದಂತಾಗಿ ಅದು ಇಡೀ ಮನೆಯನ್ನು ತುಂಬಿಕೊಂಡಿತು. ಬಚ್ಚಲಿಗೆ ಹೋಗುವಾಗಲೆಲ್ಲ ಉಸಿರು ಹಿಡಿಯುತ್ತಿದ್ದೆ. ಏಳನೆಯ ತಿಂಗಳು ಮುಗಿದ ಮೇಲೆ ತವರಿಗೆ, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಗೆ ಹೋದೆ. ಅಲ್ಲಿ ಒಂದು ಬೆಳಿಗ್ಗೆ ತಿಂಡಿಯಾದ ಮೇಲೆ ಮಗು ಒದೆಯಲಿಲ್ಲ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಎಡಕ್ಕೆ ಮಲಗಿದೆ, ಸಿಹಿ ತಿಂದೆ, ತಣ್ಣೀರು ಕುಡಿದೆ. ಏನೂ ಇಲ್ಲ. ಅವ್ವ ಹೊಟ್ಟೆಯ ಮೇಲೆ ಕೈಯಿಟ್ಟು, "ಮಲಗಿರ್ಬೇಕು ಬಿಡು" ಎಂದಳು. ಅವಳ ಕೈ ತಣ್ಣಗಿತ್ತು.

ಚನ್ನಗಿರಿ ಆಸ್ಪತ್ರೆಯಲ್ಲಿ ಎದೆಬಡಿತ ಹುಡುಕಿ, ಇದೆ, ಆದರೆ ನಿಧಾನವಾಗಿದೆ ಎಂದು ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಕಳಿಸಿದರು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಕಣ್ಣು ಮುಚ್ಚಿದರೆ ಆ ದಪ್ಪ ಗೆರೆ, ಅದು ಥಟ್ಟನೆ ನಿಲ್ಲುವ ಜಾಗ. ಕಣ್ಣು ತೆರೆದೇ ಇಟ್ಟೆ. ಅವ್ವ ನನ್ನ ಕೈ ಬಿಡಲಿಲ್ಲ. ದಾವಣಗೆರೆ ಮುಟ್ಟಿದ ಅರ್ಧ ಗಂಟೆಯಲ್ಲಿ ಆಪರೇಷನ್ ಮಾಡಿ ಮಗುವನ್ನು ತೆಗೆದರು.

ಹೆಣ್ಣು ಮಗು. ಎರಡು ಕೆಜಿಯೂ ಇರಲಿಲ್ಲ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತಂತೆ. ಅದಕ್ಕೂ ನಾನು ನೋಡಿದ, ತಿಂದ, ಹೋದ ಯಾವುದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಎರಡನೆಯ ಸಲ ಕೇಳಿದೆ, ಎರಡನೆಯ ಸಲವೂ ತಾಳ್ಮೆಯಿಂದ ಹೇಳಿದರು. ಅತ್ತೆ ನ್ಯಾಮತಿಯಿಂದ ಓಡಿಬಂದರು. ಕಾಮಾಲೆಗೆಂದು ಮಗುವನ್ನು ನೀಲಿ ದೀಪದ ಕೆಳಗೆ ಮಲಗಿಸಿದ್ದು ಕಂಡು ನರ್ಸನ್ನು ತಡೆದು ನಿಲ್ಲಿಸಿ, "ಈ ಬೆಳಕು ಎಂಥದ್ದಮ್ಮ?" ಎಂದು ಕೇಳಿದರು. ನರ್ಸ್ ಹೇಳಿದ್ದನ್ನು ನಂಬದೆ ನನ್ನ ಮಂಚದ ಬಳಿ ಬಂದು, "ನೀನು ಹೇಳು" ಎಂದರು. ಬರೀ ಬೆಳಕು, ಒಳ್ಳೆಯದು ಎಂದೆ. ಆಗ ಕುರ್ಚಿ ಎಳೆದುಕೊಂಡು ಕೂತರು. ಹನ್ನೆರಡು ದಿನದ ಮೇಲೆ ಮಗುವಿನ ಜೊತೆ ಮನೆಗೆ ಬಂದೆವು.

ಆಪಾ ನೋಡಿದ ಎರಡು ಪ್ಲೇಟಿನ ವಿವರಗಳು ರೂಲ್ ಪುಸ್ತಕದಲ್ಲಿ, ಗುಂಡಗಿನ ಅಕ್ಷರದಲ್ಲಿ ಬಂದವು. ಗೈಡ್ ಅದನ್ನು ನನ್ನದರೊಂದಿಗೆ ಹೋಲಿಸಿ ಕರೆಸಿದರು. ರಕ್ತ ಕಂಡ ಮೇಲೆ ಮನೆಯಲ್ಲಿ ನಾನು ನೋಡಿದ ಮೂರು ಪ್ಲೇಟುಗಳಲ್ಲಿ ಒಂದು ನಕ್ಷತ್ರಕ್ಕೆ ಸರಾಸರಿ ಸಿಕ್ಕ ತೆಳು ಎಳೆಗಳು ಆಪಾ ಕಂಡಷ್ಟು ಇರಲಿಲ್ಲ. ಮಸುಕಾದ ಎಳೆಗಳನ್ನು ನಾನು ಬಿಟ್ಟಿದ್ದೆ. ಮೇಜಿನಿಂದ ಬೇಗ ಎದ್ದು ಹೋಗುವ ಆತುರದಲ್ಲಿ ಬಿಟ್ಟದ್ದು. ಮಗುವಿಗೆ ಐದು ತಿಂಗಳಾದ ಮೇಲೆ ಆ ಮೂರು ಪ್ಲೇಟುಗಳನ್ನು ಮೊದಲಿನಿಂದ ನೋಡಿದೆ. ನೋಂದಣಿ ಅವಧಿಯನ್ನು ಆರು ತಿಂಗಳು ಮುಂದೂಡಿಸಲು ಗೈಡ್ ತಾವೇ ಓಡಾಡಿದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕರು ಒಂದು ಕೋಷ್ಟಕದ ಮೇಲೆ ಬೆರಳಿಟ್ಟರು. ಮೊದಲ ಎಣಿಕೆ, ಎರಡನೆಯ ಎಣಿಕೆ ಎರಡನ್ನೂ ನಾನು ಅದರಲ್ಲಿ ಮುಚ್ಚಿಡದೆ ಕೊಟ್ಟಿದ್ದೆ.

"ಉಳಿದ ಪ್ಲೇಟುಗಳಲ್ಲಿ ನಿಮ್ಮ ಕಣ್ಣು ಚೆನ್ನಾಗಿಯೇ ಇದೆ. ಈ ಮೂರರಲ್ಲಿ ಮಾತ್ರ ಮೊದಲ ಸಲ ಇಷ್ಟು ಎಳೆಗಳು ತಪ್ಪಿಸಿಕೊಂಡಿವೆ. ಯಾಕೆ?"

ಹೇಳಬಹುದಾದ ಕಾರಣಗಳು ಬೇಕಾದಷ್ಟಿದ್ದವು. ಲೇಪದ ದಪ್ಪ, ದೀಪದ ಬೆಳಕು, ಹಳೆಯ ಲೆನ್ಸು. ಗೈಡ್ ನನ್ನನ್ನೇ ನೋಡುತ್ತಿದ್ದರು.

"ಆ ದಿನಗಳಲ್ಲಿ ನನಗೆ ಹೆದರಿಕೆಯಾಗಿತ್ತು ಸರ್" ಎಂದೆ.

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ನನ್ನ ಉತ್ತರವನ್ನು ಎಲ್ಲಿಯೂ ಬರೆದುಕೊಳ್ಳಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡು, "ಸರಿ, ಮುಂದಿನ ಕೋಷ್ಟಕ" ಎಂದರು.